ತಿದ್ದುವ ವ್ಯವಸ್ಥೆ ಇದ್ದೂ ಸಿಕಲ್ ಸೆಲ್‌ನ ಆ ಒಂದು ಅಕ್ಷರ ಯಾಕೆ ಉಳಿದುಕೊಂಡಿತು?

ಪ್ರಶ್ನೆ: ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹೈಸ್ಕೂಲ್ ಟೀಚರ್. ಶಾಲೆಯಲ್ಲಿ ನಡೆದ ರಕ್ತ ತಪಾಸಣೆಯಲ್ಲಿ ಕೆಲವು ಮಕ್ಕಳಿಗೆ ‘ಸಿಕಲ್ ಸೆಲ್ ಟ್ರೇಟ್’ ಎಂದು ಬಂತು. ‘ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬೇರೆ ಇದೆ’ ಎಂದು ಡಾಕ್ಟರು ಹೇಳಿದರು. ಡಿಎನ್‌ಎ ನಕಲು ಮಾಡುವಾಗ ಜೀವಕೋಶವೇ ತಪ್ಪುಗಳನ್ನು ತಿದ್ದುತ್ತದೆ ಎಂದು ನಾನೇ ಪಾಠ ಮಾಡುತ್ತೇನೆ. ಹಾಗಾದರೆ ಇದನ್ನು ಯಾಕೆ ತಿದ್ದಲಿಲ್ಲ? 300 ಕೋಟಿ ಅಕ್ಷರಗಳಲ್ಲಿ ಒಂದು ಬದಲಾದರೆ ರಕ್ತದ ಕಣದ ಆಕಾರವೇ ಬದಲಾಗುವುದು ಹೇಗೆ? ಇನ್ನೊಂದು ಗೊಂದಲ: ಪುಸ್ತಕದಲ್ಲಿ ‘6ನೇ ಸ್ಥಾನ’ ಎಂದಿದೆ, ಒಂದು ಮಗುವಿನ ಜೀನ್ ಪರೀಕ್ಷೆಯ ರಿಪೋರ್ಟ್‌ನಲ್ಲಿ ‘7’ ಎಂದಿದೆ. ಯಾವುದು ಸರಿ?

ಉತ್ತರ: ಸಿಕಲ್ ಸೆಲ್ ಎಂದರೆ ರಕ್ತದ ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗುವ, ವಂಶದಲ್ಲಿ ಬರುವ ಕಾಯಿಲೆ. ಟ್ರೇಟ್ ಎಂದರೆ ಅದರ ಜೀನ್ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿರುವುದು. ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಆ ಮಕ್ಕಳ ಜೀವಕೋಶಗಳು ಯಾವ ತಪ್ಪನ್ನೂ ಮಾಡಿಲ್ಲ. ಅಪ್ಪನಿಂದಲೋ ಅಮ್ಮನಿಂದಲೋ ಬಂದ ಅಕ್ಷರವನ್ನು ಅವು ಇದ್ದ ಹಾಗೇ ನಕಲು ಮಾಡಿವೆ. ತಿದ್ದುವ ಯಂತ್ರ ನೋಡುವುದು ಒಂದನ್ನೇ: ಹೊಸ ಪ್ರತಿ ಹಳೆಯ ಪ್ರತಿಗೆ ಹೊಂದುತ್ತದೆಯೇ, ಇಲ್ಲವೇ? ಹಳೆಯದರಲ್ಲಿ ಇರುವುದು ದೇಹಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಅದು ನೋಡುವುದಿಲ್ಲ, ನೋಡಲು ಅದಕ್ಕೆ ದಾರಿಯೂ ಇಲ್ಲ. ಮುಂದೆ ಜೀನ್ ಓದಿ ಪ್ರೋಟೀನ್ ಕಟ್ಟುವ ದಾರಿಯಲ್ಲಿ ಬರುವ ಒಂದೊಂದು ಯಂತ್ರದ ಕಥೆಯೂ ಇದೇ. ಪ್ರತಿಯೊಂದೂ ಎದುರಿಗಿರುವ ತುಣುಕು ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ. ಅರ್ಥ ಎಲ್ಲೂ ಬರೆದಿಲ್ಲ.

ಇದು ಮಕ್ಕಳಿಗೆ ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಹಾಗಾಗಿ ಆ ಒಂದು ಅಕ್ಷರವನ್ನೇ ಹಿಡಿದುಕೊಂಡು, ಅದು ಡಿಎನ್‌ಎಯಿಂದ ಹೊರಟು ರಕ್ತದ ಕಣ ಸೇರುವವರೆಗೆ ಹಿಂದೆಯೇ ಹೋಗೋಣ.

ಅಕ್ಷರ ಇರುವ ಜಾಗ 11ನೇ ಕ್ರೋಮೋಸೋಮ್. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ ಇರುತ್ತವೆ. ಬೀಟಾ ಸರಪಳಿಯ ಜೀನ್ ಇಲ್ಲಿದೆ. ಸುಮಾರು 1600 ಅಕ್ಷರದ ಚಿಕ್ಕ ಜೀನ್. ಮನುಷ್ಯನ ಒಂದು ಸೆಟ್ ಡಿಎನ್‌ಎಯಲ್ಲಿ ಸುಮಾರು 310 ಕೋಟಿ ಅಕ್ಷರ. ಅಪ್ಪನ ಸೆಟ್, ಅಮ್ಮನ ಸೆಟ್ ಸೇರಿ ಒಂದು ಜೀವಕೋಶದಲ್ಲಿ 620 ಕೋಟಿ. ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಡಿಎನ್‌ಎ ಎರಡು ಎಳೆಗಳ ಜೋಡಿ. ಒಂದು ಎಳೆಯಲ್ಲಿ ಎ ಇದ್ದರೆ ಎದುರು ಎಳೆಯಲ್ಲಿ ಟಿ, ಜಿ ಇದ್ದರೆ ಎದುರು ಸಿ. ಹೆಚ್ಚಿನವರಲ್ಲಿ ಈ ಜೀನ್‌ನ ಆರಂಭದಲ್ಲಿ ಜಿ-ಎ-ಜಿ ಎಂಬ ಮೂರಕ್ಷರ ಇರುತ್ತದೆ. ಸಿಕಲ್ ಜೀನ್‌ನಲ್ಲಿ ಅದೇ ಜಾಗದಲ್ಲಿ ಜಿ-ಟಿ-ಜಿ. ನಡುವಿನ ಎ ಹೋಗಿ ಟಿ ಬಂದಿದೆ. ಎದುರು ಎಳೆಯಲ್ಲೂ ಟಿ ಹೋಗಿ ಎ ಬಂದಿದೆ. ಅಂದರೆ ಜೋಡಿ ಸರಿಯಾಗೇ ಇದೆ. ಇದನ್ನು ನೆನಪಿಡಿ.

ಈಗ ನಕಲು ಮಾಡುವುದನ್ನು ನೋಡೋಣ. ನಮ್ಮ ಮೂಳೆಯ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ ಕೆಂಪು ಕಣ ಹುಟ್ಟುತ್ತವೆ. ಅದಕ್ಕೆ ಮೊದಲು ಅವುಗಳ ತಾಯಿ ಕೋಶಗಳು ಮತ್ತೆ ಮತ್ತೆ ಒಡೆದು ಎರಡಾಗಬೇಕು. ಪ್ರತಿ ಸಲ ಎರಡಾಗುವ ಮುಂಚೆ 620 ಕೋಟಿ ಅಕ್ಷರದ ಪೂರ್ತಿ ನಕಲು ತಯಾರಾಗಬೇಕು. ಹೆಲಿಕೇಸ್ ಎಂಬ ಕಿಣ್ವ ಎರಡು ಎಳೆಗಳನ್ನು ಬಿಡಿಸುತ್ತಾ ಹೋಗುತ್ತದೆ. ಬಿಡಿಸಿದ ಒಂದೊಂದು ಹಳೆಯ ಎಳೆಯ ಎದುರಿಗೆ ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಹೊಸ ಎಳೆ ಕಟ್ಟುತ್ತದೆ. ಕೊನೆಗೆ ಸಿಗುವ ಎರಡು ಡಿಎನ್‌ಎಗಳಲ್ಲಿ ಪ್ರತಿಯೊಂದರಲ್ಲೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ. 1958ರಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಇದನ್ನು ತೋರಿಸಿದರು. ಬ್ಯಾಕ್ಟೀರಿಯಾವನ್ನು ಮೊದಲು ಭಾರದ ನೈಟ್ರೋಜನ್‌ನಲ್ಲಿ ಬೆಳೆಸಿದರು. ಆಮೇಲೆ ಹಗುರ ನೈಟ್ರೋಜನ್‌ಗೆ ಹಾಕಿದರು. ಒಂದು ಪೀಳಿಗೆ ಆದ ಮೇಲೆ ನೋಡಿದರೆ ಎಲ್ಲ ಡಿಎನ್‌ಎಯ ತೂಕವೂ ನಡುಮಧ್ಯ ನಿಂತಿತ್ತು.

ವೇಗದ ಲೆಕ್ಕವನ್ನು ಮಕ್ಕಳ ಕೈಲೇ ಮಾಡಿಸಿ, ಚೆನ್ನಾಗಿರುತ್ತದೆ. ನಮ್ಮ ಕೋಶದಲ್ಲಿ ಪಾಲಿಮರೇಸ್ ಸೆಕೆಂಡಿಗೆ ಹೆಚ್ಚೆಂದರೆ 50 ಅಕ್ಷರದ ಆಸುಪಾಸು ಜೋಡಿಸುತ್ತದೆ. 11ನೇ ಕ್ರೋಮೋಸೋಮ್‌ನಲ್ಲಿ ಸುಮಾರು 13.5 ಕೋಟಿ ಅಕ್ಷರ ಇವೆ. ಒಂದು ತುದಿಯಿಂದ ಶುರು ಮಾಡಿದರೆ ಮುಗಿಯಲು 31 ದಿನ ಬೇಕು! ಆದರೆ ಕೋಶ ಇಡೀ ಕೆಲಸವನ್ನು ಸುಮಾರು 8 ಗಂಟೆಯಲ್ಲಿ ಮುಗಿಸುತ್ತದೆ. ಹೇಗೆಂದರೆ, ಎಲ್ಲ ಕ್ರೋಮೋಸೋಮ್ ಸೇರಿ ಹತ್ತಾರು ಸಾವಿರ ಜಾಗಗಳಲ್ಲಿ ನಕಲು ಶುರುವಾಗುತ್ತದೆ. ಒಂದೊಂದು ಜಾಗದಿಂದಲೂ ಎರಡೂ ದಿಕ್ಕಿಗೆ ಸಾಗುತ್ತದೆ.

ಪಾಲಿಮರೇಸ್‌ಗೆ ಒಂದು ಮಿತಿ ಇದೆ. ಎಳೆಯ ಒಂದು ತುದಿಗೆ ಮಾತ್ರ ಅದು ಹೊಸ ಅಕ್ಷರ ಸೇರಿಸಬಲ್ಲದು, ಇನ್ನೊಂದು ತುದಿಗೆ ಆಗುವುದಿಲ್ಲ. ಎರಡು ಹಳೆಯ ಎಳೆಗಳ ದಿಕ್ಕು ಒಂದಕ್ಕೊಂದು ತಿರುಗುಮುರುಗು. ಹಾಗಾಗಿ ಒಂದು ಎಳೆಯ ನಕಲು ಸಲೀಸಾಗಿ ಉದ್ದಕ್ಕೆ ಬೆಳೆಯುತ್ತದೆ. ಇನ್ನೊಂದರ ನಕಲನ್ನು ಚಿಕ್ಕ ಚಿಕ್ಕ ತುಂಡಾಗಿ ಹಿಂದಕ್ಕೆ ಹಿಂದಕ್ಕೆ ಬರೆದು, ಆಮೇಲೆ ಲಿಗೇಸ್ ಎಂಬ ಕಿಣ್ವದಿಂದ ಸೇರಿಸಬೇಕು. ನಮ್ಮಲ್ಲಿ ಒಂದೊಂದು ತುಂಡು 100ರಿಂದ 200 ಅಕ್ಷರ. ಇವನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ದಂಪತಿ ರೇಜಿ ಒಕಜಾಕಿ ಮತ್ತು ತ್ಸುನೆಕೊ ಒಕಜಾಕಿ. ಅದಕ್ಕೇ ಒಕಜಾಕಿ ತುಂಡುಗಳು ಎಂಬ ಹೆಸರು. ರೇಜಿ ಹುಡುಗನಾಗಿದ್ದಾಗ ಹಿರೋಶಿಮಾದ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿದ್ದವರು. 1975ರಲ್ಲಿ, ಇನ್ನೂ 50 ತುಂಬುವ ಮುಂಚೆಯೇ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ತ್ಸುನೆಕೊ ಆ ಕೆಲಸವನ್ನು ಮುಂದುವರಿಸಿದರು. ಪಠ್ಯಪುಸ್ತಕದಲ್ಲಿ ಒಂದು ಹೆಸರಾಗಿ ಬಂದುಹೋಗುವ ಇವರ ಬಗ್ಗೆ ತರಗತಿಯಲ್ಲಿ ಎರಡು ನಿಮಿಷ ಮಾತಾಡಲೇಬೇಕು ಎಂಬುದು ನನ್ನ ಆಸೆ.

ಹೀಗೆ ತುಂಡು ತುಂಡಾಗಿ ಬರೆಯುವ ಕಷ್ಟ ಯಾಕೆ? ಎರಡೂ ತುದಿಗೆ ಬರೆಯಬಲ್ಲ ಕಿಣ್ವ ಇದ್ದರೆ ಸುಲಭ ಅಲ್ವಾ? ಇದಕ್ಕೆ ಕೊಡುವ ಕಾರಣ ನೇರವಾಗಿ ನಿಮ್ಮ ಪ್ರಶ್ನೆಗೆ ಸೇರಿದ್ದು. ಅಕ್ಷರ ಜೋಡಿಸಲು ಶಕ್ತಿ ಬೇಕು. ಈಗಿರುವ ದಿಕ್ಕಿನಲ್ಲಿ ಹೊಸದಾಗಿ ಬರುವ ಅಕ್ಷರವೇ ಆ ಶಕ್ತಿಯನ್ನು ಜೊತೆಗೆ ತರುತ್ತದೆ. ಹಾಗಾಗಿ ತಪ್ಪು ಅಕ್ಷರ ಸೇರಿಬಿಟ್ಟರೆ ಪಾಲಿಮರೇಸ್ ಒಂದು ಹೆಜ್ಜೆ ಹಿಂದೆ ಬಂದು ಅದನ್ನು ಕಿತ್ತು ಹಾಕಬಹುದು. ಮುಂದೆ ಬರುವ ಸರಿಯಾದ ಅಕ್ಷರ ತನ್ನ ಶಕ್ತಿಯನ್ನು ತಾನೇ ತರುತ್ತದೆ, ಕೆಲಸ ನಿಲ್ಲುವುದಿಲ್ಲ. ಎದುರು ದಿಕ್ಕಿನಲ್ಲಿ ಬೆಳೆಯುವುದಾದರೆ ಶಕ್ತಿ ಎಳೆಯ ತುದಿಯಲ್ಲಿರುತ್ತದೆ. ಅಲ್ಲಿ ತಪ್ಪು ಅಕ್ಷರ ಕಿತ್ತರೆ ಶಕ್ತಿಯೂ ಅದರ ಜೊತೆಗೇ ಹೋಗುತ್ತದೆ, ಎಳೆ ಅಲ್ಲೇ ನಿಲ್ಲುತ್ತದೆ. ಅಂದರೆ ತಿದ್ದಲು ಅವಕಾಶ ಇರುವ ದಿಕ್ಕನ್ನೇ ಜೀವ ಹಿಡಿದುಕೊಂಡಿದೆ, ಅದಕ್ಕಾಗಿ ತುಂಡು ಸೇರಿಸುವ ಕಷ್ಟವನ್ನೂ ಪಡುತ್ತಿದೆ.

ಈ ತಿದ್ದುವಿಕೆಯಿಂದ ಎಷ್ಟು ಲಾಭ ನೋಡಿ. ಪಾಲಿಮರೇಸ್ ಜೋಡಿ ನೋಡಿ ಆರಿಸುವುದರಲ್ಲಿ ಸುಮಾರು ಲಕ್ಷಕ್ಕೊಂದು ತಪ್ಪಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಒಂದು ಕೋಶ ಒಮ್ಮೆ ಎರಡಾಗುವಾಗ 62 ಸಾವಿರ ತಪ್ಪು. ಹಿಂದೆ ಬಂದು ಕಿತ್ತು ಹಾಕುವ ಕೆಲಸ ಸೇರಿದರೆ ತಪ್ಪು ಕೋಟಿಗೊಂದಕ್ಕೆ ಇಳಿಯುತ್ತದೆ, ಅಂದರೆ 620. ಅದನ್ನೂ ದಾಟಿ ಹೋದ ತಪ್ಪುಗಳನ್ನು ಹುಡುಕಲು ಹಿಂದಿನಿಂದ ಇನ್ನೊಂದು ತಂಡ ಬರುತ್ತದೆ. ಜೋಡಿ ಸರಿಯಿಲ್ಲದ ಕಡೆ ಡಿಎನ್‌ಎ ಸ್ವಲ್ಪ ಉಬ್ಬಿರುತ್ತದೆ. ಈ ತಂಡ ಅದನ್ನು ಹಿಡಿದು, ಆ ಭಾಗವನ್ನು ಕತ್ತರಿಸಿ ತೆಗೆದು, ಮತ್ತೆ ಬರೆಸುತ್ತದೆ. ಕೊನೆಗೆ ಉಳಿಯುವುದು ನೂರು ಕೋಟಿಗೊಂದು ಅಥವಾ ಅದಕ್ಕಿಂತಲೂ ಕಡಿಮೆ. ಈ ತಂಡದ ಕೆಲಸವನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಆದರೆ ಜೋಡಿ ತಪ್ಪಿದಾಗ, ಎರಡರಲ್ಲಿ ತಪ್ಪು ಯಾವುದು ಎಂದು ತಂಡಕ್ಕೆ ಹೇಗೆ ಗೊತ್ತು? ಹೊಸ ಎಳೆ ಈಗಷ್ಟೇ ಬರೆದದ್ದು, ಅದರಲ್ಲಿ ಇನ್ನೂ ಸೇರಿಸದ ಬಿರುಕುಗಳಿರುತ್ತವೆ. ಆ ಗುರುತು ಹಿಡಿದು ‘ಇದು ಹೊಸದು, ತಪ್ಪು ಇದರದ್ದೇ’ ಎಂದು ತೀರ್ಮಾನ. ಹಳೆಯ ಎಳೆ ಯಾವತ್ತೂ ಸರಿ. ಜೀವಕೋಶಕ್ಕೆ ‘ಸರಿ’ ಅಂದರೆ ‘ಹಳೆಯದಕ್ಕೆ ಹೊಂದುವುದು’, ಅಷ್ಟೇ.

ಈಗ ನಿಮ್ಮ ಶಾಲೆಯ ಮಗುವಿಗೆ ಬನ್ನಿ. ಅದರ ಒಂದು 11ನೇ ಕ್ರೋಮೋಸೋಮ್‌ನಲ್ಲಿ ಮೊದಲಿಂದಲೇ ಟಿ ಇದೆ, ಎದುರಿಗೆ ಸರಿಯಾಗಿ ಎ ಇದೆ. ಉಬ್ಬಿಲ್ಲ, ಬಿರುಕಿಲ್ಲ. ಪಾಲಿಮರೇಸ್ ಟಿ ಎದುರಿಗೆ ಎ ಇಡುತ್ತದೆ, ಎ ಎದುರಿಗೆ ಟಿ ಇಡುತ್ತದೆ. ತಿದ್ದುವ ತಂಡ ಬಂದು ನೋಡಿ ಮುಂದೆ ಹೋಗುತ್ತದೆ. ಯಾವುದೋ ಕಾಲದ ಒಬ್ಬ ಪೂರ್ವಜರಲ್ಲಿ, ಸಾವಿರಾರು ವರ್ಷಗಳ ಹಿಂದೆ, ಒಂದು ಸಲ ತಿದ್ದುವವರ ಕಣ್ಣು ತಪ್ಪಿತ್ತು. ಮುಂದಿನ ಸಲ ಕೋಶ ಎರಡಾಗುವ ಹೊತ್ತಿಗೆ ಆ ತಪ್ಪೇ ಹಳೆಯ ಎಳೆಯಾಯಿತು. ಅಂದಿನಿಂದ ಅದನ್ನು ಕಾಪಾಡಿಕೊಂಡು ಬಂದಿರುವುದು ಇದೇ ನಿಷ್ಠೆಯ ಯಂತ್ರ. ಅಂದ ಹಾಗೆ, ಹೊಸ ತಪ್ಪುಗಳು ಈಗಲೂ ಆಗುತ್ತಿರುತ್ತವೆ. ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ 60-70 ಹೊಸ ಅಕ್ಷರ ಬದಲಾವಣೆಗಳು ಸಾಮಾನ್ಯವಾಗಿ ಪ್ರತಿ ಮಗುವಿನಲ್ಲೂ ಇರುತ್ತವೆ. ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ.

ಇಲ್ಲಿಗೆ ನಕಲಿನ ಭಾಗ ಮುಗಿಯಿತು. ಜೀನ್ ಓದುವುದು ಬೇರೆಯದೇ ಕೆಲಸ. ನಮ್ಮ ಪಾಠಗಳಲ್ಲಿ ‘ಡಿಎನ್‌ಎಯಿಂದ ಡಿಎನ್‌ಎ, ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್’ ಎಂದು ಒಂದೇ ಸಾಲಿನಲ್ಲಿ ಬಾಣ ಎಳೆದುಬಿಡುತ್ತಾರೆ. ಇದರಿಂದ ಎರಡೂ ಒಂದೇ ತರಹದ ಕೆಲಸ ಎಂದು ಮಕ್ಕಳಿಗೆ ಅನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಚಿತ್ರದ ದೊಡ್ಡ ಕೊರತೆ ಇದೇ. ನಕಲು ಪೂರ್ತಿಯಾಗಿ ಆಗುತ್ತದೆ, ಕೋಶ ಎರಡಾಗುವಾಗ ಒಂದು ಸಲ ಮಾತ್ರ ಆಗುತ್ತದೆ, ಶಾಶ್ವತವಾಗಿ ಉಳಿಯುತ್ತದೆ. ಓದುವುದು ಬೇಕಾದ ಜೀನ್ ಅಷ್ಟನ್ನೇ, ಬೇಕಾದಷ್ಟು ಸಲ. ಅದರ ಪ್ರತಿ ಕೆಲಸ ಮುಗಿದ ಮೇಲೆ ಚೂರಾಗಿ ಹೋಗುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಮೂಲ ದಾಖಲೆ ಹೊರಗೆ ಬರುವುದಿಲ್ಲ, ನಮ್ಮ ಕೈಗೆ ಬರುವುದು ನಮ್ಮ ಸರ್ವೆ ನಂಬರಿನ ಪಹಣಿ ಪ್ರತಿ ಮಾತ್ರ. ಡಿಎನ್‌ಎ ಕೋಶಕೇಂದ್ರದಲ್ಲೇ ಇರುತ್ತದೆ, ಹೊರಗೆ ಹೋಗುವುದು ಒಂದು ಜೀನ್‌ನ ಆರ್‌ಎನ್‌ಎ ಪ್ರತಿ. ಅದನ್ನೇ ಮೆಸೆಂಜರ್ ಆರ್‌ಎನ್‌ಎ ಎನ್ನುತ್ತೇವೆ.

ಬೀಟಾ ಗ್ಲೋಬಿನ್ ಜೀನ್ ಚರ್ಮದ ಕೋಶದಲ್ಲೂ ಇದೆ, ಮೆದುಳಿನ ಕೋಶದಲ್ಲೂ ಇದೆ. ಆದರೆ ಅಲ್ಲಿ ಅದನ್ನು ಯಾರೂ ಓದುವುದಿಲ್ಲ. ಕೆಂಪು ಕಣವಾಗಲು ಹೊರಟ ಕೋಶದಲ್ಲಿ ಗಾಟಾ-1 ಎಂಬಂಥ ಕೆಲವು ಪ್ರೋಟೀನ್‌ಗಳು ಇರುತ್ತವೆ. ಅವು ಜೀನ್‌ನ ಬಾಗಿಲಲ್ಲೂ, ಸುಮಾರು 50 ಸಾವಿರ ಅಕ್ಷರ ದೂರದ ಒಂದು ಸ್ವಿಚ್ ಜಾಗದಲ್ಲೂ ಕೂರುತ್ತವೆ. ಡಿಎನ್‌ಎ ಬಾಗಿ ಎರಡು ಜಾಗಗಳೂ ಹತ್ತಿರ ಬರುತ್ತವೆ. ಆಗ ಆರ್‌ಎನ್‌ಎ ಪಾಲಿಮರೇಸ್ ಅಲ್ಲಿಗೆ ಬಂದು ಓದಲು ಶುರು ಮಾಡುತ್ತದೆ. ಎರಡು ಎಳೆಗಳಲ್ಲಿ ಎದುರು ಎಳೆಯನ್ನು ಮಾತ್ರ ಓದಿ, ಅದಕ್ಕೆ ಜೋಡಿಯಾಗುವ ಆರ್‌ಎನ್‌ಎ ಕಟ್ಟುತ್ತದೆ. ಆರ್‌ಎನ್‌ಎಯಲ್ಲಿ ಟಿ ಬದಲು ಯು. ನಮ್ಮ ಮೂರಕ್ಷರ ಹೆಚ್ಚಿನವರಲ್ಲಿ ಜಿ-ಎ-ಜಿ ಎಂದೇ ಬರುತ್ತದೆ, ಸಿಕಲ್ ಜೀನ್‌ನಿಂದ ಜಿ-ಯು-ಜಿ ಎಂದು ಬರುತ್ತದೆ.

ಹೀಗೆ ಬಂದ ಪ್ರತಿ ಇನ್ನೂ ಕಚ್ಚಾ. 1600 ಅಕ್ಷರಗಳ ನಡುವೆ ಎರಡು ಕಡೆ ಬೇಡದ ಭಾಗಗಳಿವೆ. ಒಂದು ಸುಮಾರು 130 ಅಕ್ಷರ, ಇನ್ನೊಂದು ಸುಮಾರು 850. ಇವನ್ನು ಇಂಟ್ರಾನ್ ಎನ್ನುತ್ತಾರೆ. ಜೀನ್‌ಗಳು ಹೀಗೆ ಮುರಿದುಕೊಂಡಿವೆ ಎಂಬುದು ಗೊತ್ತಾದದ್ದು 1977ರಲ್ಲಿ, ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳಿಂದ. ಕೋಶಕೇಂದ್ರದೊಳಗೇ ಇಂಟ್ರಾನ್‌ಗಳನ್ನು ಕತ್ತರಿಸಿ, ಉಳಿದದ್ದನ್ನು ಹೊಲಿದು, ಮುಂದೆ ಒಂದು ಟೋಪಿ ಹಾಕಿ, ಹಿಂದೆ ಎ ಅಕ್ಷರಗಳ ಬಾಲ ಸೇರಿಸಿ ಹೊರಗೆ ಕಳುಹಿಸುತ್ತದೆ.

ಕತ್ತರಿಸಿ ಬಿಸಾಡುವ ಭಾಗವಲ್ಲವಾ, ಅಲ್ಲಿ ಅಕ್ಷರ ಬದಲಾದರೆ ಏನಾಗುತ್ತದೆ ಎಂದು ಮಕ್ಕಳು ಕೇಳಬಹುದು. ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ. ಭಾರತದಲ್ಲಿ ಬೀಟಾ ಥಲಸೀಮಿಯಾ (ಬೀಟಾ ಸರಪಳಿ ಸಾಲದೆ ಬರುವ ರಕ್ತಹೀನತೆ) ತರುವ ಬದಲಾವಣೆಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ ಜೀನ್‌ನ ಮೊದಲ ಇಂಟ್ರಾನ್‌ನ 5ನೇ ಅಕ್ಷರದಲ್ಲಿದೆ. ಅಲ್ಲಿ ಜಿ ಹೋಗಿ ಸಿ ಬಂದಿರುತ್ತದೆ. ಕತ್ತರಿಸುವ ಯಂತ್ರ ತಾನು ಎಲ್ಲಿ ಕತ್ತರಿಸಬೇಕು ಎಂದು ತಿಳಿಯುವುದೇ ಆ ಕೆಲವು ಅಕ್ಷರಗಳಿಂದ. ಗುರುತು ಅಳಿಸಿದರೆ ತಪ್ಪು ಜಾಗದಲ್ಲಿ ಕತ್ತರಿ ಬೀಳುತ್ತದೆ, ಸರಿಯಾದ ಬೀಟಾ ಸರಪಳಿ ಬಹಳ ಕಡಿಮೆ ತಯಾರಾಗುತ್ತದೆ. ಪ್ರೋಟೀನ್‌ನ ಒಂದು ಕೊಂಡಿಯೂ ಬದಲಾಗದೆ ಬರುವ ಕಾಯಿಲೆ ಇದು. ಸಿಕಲ್ ಸೆಲ್‌ನಲ್ಲಿ ಸರಪಳಿಯ ಗುಣ ಬದಲಾಗುತ್ತದೆ, ಇಲ್ಲಿ ಪ್ರಮಾಣ ಬದಲಾಗುತ್ತದೆ.

ಆರ್‌ಎನ್‌ಎ ಹೊರಗೆ ಬಂದ ಮೇಲೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಅದನ್ನು ಹಿಡಿಯುತ್ತದೆ. ಮೂರು ಮೂರು ಅಕ್ಷರವಾಗಿ ಓದುತ್ತದೆ. ಒಟ್ಟು 64 ಮೂರಕ್ಷರಗಳು ಸಾಧ್ಯ. 61ಕ್ಕೆ ಒಂದೊಂದು ಅಮೈನೊ ಆಮ್ಲ (ಪ್ರೋಟೀನ್ ಸರಪಳಿಯ ಒಂದು ಕೊಂಡಿ) ಗೊತ್ತಾಗಿದೆ, ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ಯಾವ ಮೂರಕ್ಷರಕ್ಕೆ ಯಾವ ಆಮ್ಲ ಎಂಬ ಪಟ್ಟಿಯ ಮೊದಲ ಸಾಲು ಸಿಕ್ಕಿದ್ದು 1961ರಲ್ಲಿ. ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯಿ ಬರೀ ಯು ಅಕ್ಷರಗಳಿರುವ ಆರ್‌ಎನ್‌ಎ ಹಾಕಿ ನೋಡಿದರು. ಬಂದ ಪ್ರೋಟೀನ್‌ನಲ್ಲಿ ಫಿನೈಲ್ ಅಲನಿನ್ ಎಂಬ ಒಂದೇ ಆಮ್ಲ ಸಾಲುಗಟ್ಟಿತ್ತು. ಆಮೇಲೆ ನಮ್ಮ ಹರ್ ಗೋವಿಂದ್ ಖೊರಾನಾ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೂತು, ತಮಗೆ ಬೇಕಾದ ಕ್ರಮದಲ್ಲೇ ಅಕ್ಷರಗಳಿರುವ ಎಳೆಗಳನ್ನು ಕೈಯಾರೆ ತಯಾರಿಸಿದರು. ಯು-ಸಿ-ಯು-ಸಿ ಎಂದು ಸಾಗುವ ಆರ್‌ಎನ್‌ಎಯಿಂದ ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್ ಎಂದು ಬಂತು. ಓದುವುದು ಮೂರರ ಲೆಕ್ಕದಲ್ಲೇ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ನನಗೆ ಕಾಣುವುದಿಲ್ಲ. ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸಿ: ಎರಡು ಅಕ್ಷರದ ಸಾಲನ್ನು ಮೂರರಂತೆ ಒಡೆದರೆ ಯು-ಸಿ-ಯು, ಸಿ-ಯು-ಸಿ ಎಂಬ ಎರಡೇ ಪದ ಸರದಿಯಲ್ಲಿ ಬರುತ್ತವೆ. 1968ರ ನೊಬೆಲ್ ನಿರೆನ್‌ಬರ್ಗ್, ಖೊರಾನಾ ಮತ್ತು ರಾಬರ್ಟ್ ಹಾಲಿ ಅವರಿಗೆ ಸಿಕ್ಕಿತು.

ಮೂರಕ್ಷರವನ್ನು ಆಮ್ಲಕ್ಕೆ ಜೋಡಿಸುವುದು ಟ್ರಾನ್ಸ್‌ಫರ್ ಆರ್‌ಎನ್‌ಎ ಎಂಬ ಚಿಕ್ಕ ಅಣು. ಒಂದು ತುದಿಯಲ್ಲಿ ಅದು ಮೂರಕ್ಷರಕ್ಕೆ ಜೋಡಿಯಾಗುತ್ತದೆ, ಇನ್ನೊಂದು ತುದಿಯಲ್ಲಿ ಅಮೈನೊ ಆಮ್ಲ ಹೊತ್ತಿರುತ್ತದೆ. ಸರಿಯಾದ ಆಮ್ಲವನ್ನು ಸರಿಯಾದ ಅಣುವಿಗೆ ಹೊರಿಸುವುದು ಬೇರೆ ಕಿಣ್ವಗಳ ಕೆಲಸ. ಹೊರಿಸುವುದರಲ್ಲಿ ತಪ್ಪಾದರೆ ರೈಬೋಸೋಮ್ ಹಿಡಿಯುತ್ತದೆಯೇ? 1963ರಲ್ಲಿ ಸೀಮೋರ್ ಬೆಂಜರ್ ಮತ್ತು ಜೊತೆಗಾರರು ಇದನ್ನು ಹಿಮೋಗ್ಲೋಬಿನ್ ತಯಾರಿಯಲ್ಲೇ ಪರೀಕ್ಷೆ ಮಾಡಿದರು. ಸಿಸ್ಟೀನ್ ಎಂಬ ಆಮ್ಲ ಹೊತ್ತ ಅಣುವನ್ನು ತೆಗೆದುಕೊಂಡು, ರಾಸಾಯನಿಕವಾಗಿ ಆ ಆಮ್ಲವನ್ನು ಅಲನಿನ್ ಆಗಿ ಬದಲಿಸಿದರು. ರೈಬೋಸೋಮ್ ಯಾವ ಅನುಮಾನವೂ ಇಲ್ಲದೆ, ಸಿಸ್ಟೀನ್ ಬರಬೇಕಾದ ಜಾಗದಲ್ಲಿ ಅಲನಿನ್ ಇಟ್ಟು ಹಿಮೋಗ್ಲೋಬಿನ್ ಕಟ್ಟಿತು. ಅದು ನೋಡುವುದು ಮೂರಕ್ಷರದ ಜೋಡಿಯನ್ನು ಮಾತ್ರ, ಹೊತ್ತು ತಂದ ಆಮ್ಲವನ್ನಲ್ಲ.

ರೈಬೋಸೋಮ್ ಎಂಬುದೇ ಒಂದು ವಿಸ್ಮಯ. ಅದರ ಒಳಗೆ ಆಮ್ಲಗಳನ್ನು ಬೆಸೆಯುವ ಜಾಗದಲ್ಲಿ ಪ್ರೋಟೀನ್ ಇಲ್ಲ, ಆರ್‌ಎನ್‌ಎಯೇ ಬೆಸೆಯುತ್ತದೆ. ಅದರ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿದ್ದಕ್ಕೆ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅದಾ ಯೋನತ್ ಅವರಿಗೆ 2009ರ ನೊಬೆಲ್ ಬಂತು.

ಈಗ ನಿಮ್ಮ 6, 7ರ ಗೊಂದಲ. ಬೀಟಾ ಗ್ಲೋಬಿನ್ ಆರ್‌ಎನ್‌ಎಯ ಮೊದಲ ಪದಗಳು ಹೀಗಿವೆ: ಎ-ಯು-ಜಿ, ಜಿ-ಯು-ಜಿ, ಸಿ-ಎ-ಯು, ಸಿ-ಯು-ಜಿ, ಎ-ಸಿ-ಯು, ಸಿ-ಸಿ-ಯು, ಜಿ-ಎ-ಜಿ. ಮೊದಲ ಎ-ಯು-ಜಿ ‘ಇಲ್ಲಿಂದ ಶುರು’ ಎಂಬ ಗುರುತು. ಅದರಿಂದ ಮೆಥಿಯೊನಿನ್ ಎಂಬ ಆಮ್ಲ ಬರುತ್ತದೆ. ಆದರೆ ಸರಪಳಿ ಇನ್ನೂ ಬೆಳೆಯುತ್ತಿರುವಾಗಲೇ ಕೋಶ ಆ ಮೊದಲ ಆಮ್ಲವನ್ನು ಕತ್ತರಿಸಿ ಹಾಕುತ್ತದೆ. 147 ಆಮ್ಲಗಳಲ್ಲಿ ಕೊನೆಗೆ ಉಳಿಯುವುದು 146. ರಕ್ತದಿಂದ ಹಿಮೋಗ್ಲೋಬಿನ್ ತೆಗೆದು ಎಣಿಸಿದ ಹಳೆಯ ವಿಜ್ಞಾನಿಗಳಿಗೆ ಆ ಜಾಗ 6ನೆಯದಾಗಿ ಸಿಕ್ಕಿತು. ಈಗಿನ ಲ್ಯಾಬ್‌ಗಳು ಜೀನ್ ಓದಿ, ಶುರುವಿನ ಪದದಿಂದಲೇ ಎಣಿಸುತ್ತವೆ, 7 ಬರುತ್ತದೆ. ಎರಡೂ ಸರಿ, ಒಂದೇ ಜಾಗ.

ಜಿ-ಎ-ಜಿ ಎಂದರೆ ಗ್ಲುಟಾಮಿಕ್ ಆಮ್ಲ. ಜಿ-ಯು-ಜಿ ಎಂದರೆ ವ್ಯಾಲಿನ್. ಮೇಲಿನ ಪಟ್ಟಿಯ ಎರಡನೇ ಪದವೂ ಜಿ-ಯು-ಜಿಯೇ. ಎಲ್ಲರ ಹಿಮೋಗ್ಲೋಬಿನ್‌ನಲ್ಲೂ ಅಲ್ಲಿ ವ್ಯಾಲಿನ್ ಇದ್ದೇ ಇದೆ. ಅಂದರೆ ಸಿಕಲ್ ಪದದಲ್ಲಿ ಅಸಹಜವಾದದ್ದು ಏನೂ ಇಲ್ಲ, ಇರಬಾರದ ಜಾಗದಲ್ಲಿದೆ ಅಷ್ಟೇ. ರೈಬೋಸೋಮ್ ಅದನ್ನು ಓದಿ ಸೆಕೆಂಡಿಗೆ ಸುಮಾರು ಐದು ಆಮ್ಲದ ವೇಗದಲ್ಲಿ ಮುಂದೆ ಹೋಗುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಸರಪಳಿ ಮುಗಿಯುತ್ತದೆ.

ಕೋಶ ಕೆಲವು ತಪ್ಪುಗಳನ್ನು ಈ ಹಂತದಲ್ಲೂ ಹಿಡಿಯುತ್ತದೆ. ಉದಾಹರಣೆಗೆ ಮೆಡಿಟರೇನಿಯನ್ ಕಡೆಯ ಥಲಸೀಮಿಯಾದಲ್ಲಿ ಇದೇ ಜೀನ್‌ನ 39ನೇ ಪದ ‘ನಿಲ್ಲಿಸು’ ಎಂದು ಬದಲಾಗಿರುತ್ತದೆ. ಹೊಲಿಗೆ ಹಾಕಿದ ಗುರುತು ಮುಂದೆ ಇನ್ನೂ ಇರುವಾಗಲೇ ಓದು ನಿಂತುಹೋಯಿತು ಎಂದು ಕಂಡರೆ ಕೋಶ ಆ ಆರ್‌ಎನ್‌ಎಯನ್ನೇ ಚೂರು ಮಾಡಿಬಿಡುತ್ತದೆ. ಸಿಕಲ್ ಆರ್‌ಎನ್‌ಎಯಲ್ಲಿ ಓದು ಕೊನೆಯವರೆಗೂ ಸಲೀಸಾಗಿ ಸಾಗುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ.

ಹಾಗಾದರೆ ಒಂದು ಅಕ್ಷರ ಇಷ್ಟು ದೊಡ್ಡದಾಗುವುದು ಹೇಗೆ? ಸಂಖ್ಯೆಯಿಂದ. ಒಂದು ಜೀನ್‌ನಿಂದ ಸಾವಿರಾರು ಆರ್‌ಎನ್‌ಎ. ಒಂದೊಂದು ಆರ್‌ಎನ್‌ಎ ಮೇಲೆ ಒಟ್ಟಿಗೆ ನಾಲ್ಕೈದು ರೈಬೋಸೋಮ್, ಮತ್ತೆ ಮತ್ತೆ. ಆಮೇಲೆ ಆ ಎಳೆಯ ಕೆಂಪು ಕಣ ತನ್ನ ಕೋಶಕೇಂದ್ರವನ್ನೇ ಹೊರಗೆ ಎಸೆಯುತ್ತದೆ. ಜೀನ್ ಹೋಯಿತು, ಆದರೂ ಉಳಿದ ಆರ್‌ಎನ್‌ಎ ಇಟ್ಟುಕೊಂಡು ಇನ್ನೂ ಒಂದೆರಡು ದಿನ ಹಿಮೋಗ್ಲೋಬಿನ್ ಕಟ್ಟುತ್ತಲೇ ಇರುತ್ತದೆ. ಕೊನೆಗೆ ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್, ಅಂದರೆ 54 ಕೋಟಿ ಬೀಟಾ ಸರಪಳಿ. ಅಷ್ಟನ್ನೂ ಕಟ್ಟಿದ್ದು ಎರಡೇ ಎರಡು ಜೀನ್‌ಗಳನ್ನು ನೋಡಿ. ಕಣದ ಒಳಗಿನ ಪ್ರೋಟೀನ್‌ನಲ್ಲಿ ಶೇ 95ಕ್ಕೂ ಜಾಸ್ತಿ ಹಿಮೋಗ್ಲೋಬಿನ್ನೇ, ಒತ್ತೊತ್ತಾಗಿ ತುಂಬಿರುತ್ತದೆ.

ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುತ್ ಇದೆ, ನೀರಿನ ಜೊತೆ ಹೊಂದಿಕೊಂಡಿರುತ್ತದೆ. ವ್ಯಾಲಿನ್ ನೀರಿನಿಂದ ದೂರ ಇರಲು ನೋಡುತ್ತದೆ. ಈ 6ನೇ ಜಾಗ ಹಿಮೋಗ್ಲೋಬಿನ್‌ನ ಹೊರ ಮೈಮೇಲಿದೆ. ಆಮ್ಲಜನಕ ಬಿಟ್ಟುಕೊಟ್ಟಾಗ ಹಿಮೋಗ್ಲೋಬಿನ್‌ನ ಆಕಾರ ಸ್ವಲ್ಪ ಬದಲಾಗಿ ಪಕ್ಕದಲ್ಲಿ ಒಂದು ಕುಳಿ ತೆರೆದುಕೊಳ್ಳುತ್ತದೆ. ಒಂದರ ವ್ಯಾಲಿನ್ ಇನ್ನೊಂದರ ಕುಳಿಯಲ್ಲಿ ಹೋಗಿ ಕೂರುತ್ತದೆ. ಅದಕ್ಕೆ ಮತ್ತೊಂದು, ಮತ್ತೊಂದು. ಉದ್ದನೆಯ ಗಟ್ಟಿ ಎಳೆಗಳಾಗಿ ಕಣವನ್ನು ಒಳಗಿನಿಂದ ಎಳೆದು ಕುಡುಗೋಲಿನ ಆಕಾರಕ್ಕೆ ತರುತ್ತವೆ. ಅಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಅದರಿಂದಲೇ ಆ ಭಯಂಕರ ನೋವು. 120 ದಿನ ಬದುಕಬೇಕಾದ ಕಣ 10ರಿಂದ 20 ದಿನದಲ್ಲಿ ಒಡೆಯುತ್ತದೆ, ಅದರಿಂದ ರಕ್ತಹೀನತೆ. ಈ ಕಾಯಿಲೆಯ ಬೇರು ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು 1949ರಲ್ಲಿ ತೋರಿಸಿದವರು ಲೈನಸ್ ಪೌಲಿಂಗ್ ಮತ್ತು ಜೊತೆಗಾರರು. ವ್ಯತ್ಯಾಸ ಒಂದೇ ಅಮೈನೊ ಆಮ್ಲದ್ದು ಎಂದು ಕೇಂಬ್ರಿಡ್ಜ್‌ನಲ್ಲಿ ವರ್ನನ್ ಇಂಗ್ರಾಮ್ ಕಂಡುಕೊಂಡದ್ದು 1956-57ರಲ್ಲಿ.

ಟ್ರೇಟ್ ಇರುವ ಮಕ್ಕಳಲ್ಲಿ ಒಂದು ಜೀನ್ ಸಾಮಾನ್ಯದ್ದು, ಇನ್ನೊಂದು ಸಿಕಲ್. ಎರಡನ್ನೂ ಕೋಶ ಓದುತ್ತದೆ. ಅರ್ಧಕ್ಕಿಂತ ಹೆಚ್ಚು ಹಿಮೋಗ್ಲೋಬಿನ್ ಸಾಮಾನ್ಯದ್ದೇ ಇರುವುದರಿಂದ ಎಳೆಗಳು ಕಟ್ಟಿಕೊಳ್ಳುವುದು ಸುಲಭವಲ್ಲ. ಈ ಮಕ್ಕಳಿಗೆ ಕಾಯಿಲೆ ಇಲ್ಲ. ದಯವಿಟ್ಟು ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಿ. ಆಟ ಆಡಬಹುದು, ಓಡಬಹುದು. ಬಿಸಿಲಲ್ಲಿ ಜಾಸ್ತಿ ದಣಿಯುವಾಗ ನೀರು ಚೆನ್ನಾಗಿ ಕುಡಿಯಲಿ. ಜೊತೆಗೆ ಇದನ್ನೂ ಹೇಳಿ: ಟ್ರೇಟ್ ಇರುವವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಇದೆ. 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಇದನ್ನು ತೋರಿಸಿದರು. ಮಲೇರಿಯಾ ಇದ್ದ ಕಾಡಂಚಿನ ಊರುಗಳಲ್ಲಿ ಈ ಅಕ್ಷರ ಇಷ್ಟು ಕಾಲ ಉಳಿದದ್ದು ಅದಕ್ಕೇ. ನೀಲಗಿರಿಯ ಬುಡಕಟ್ಟುಗಳಲ್ಲಿ ಇದು ಇದೆ ಎಂದು ಗೊತ್ತಾದದ್ದು 1952ರಲ್ಲಿ. ನಮ್ಮ ಸೋಲಿಗರ ಪೋಡುಗಳಲ್ಲಿ, ಜೇನುಕುರುಬರ ಹಾಡಿಗಳಲ್ಲೂ ಇದೆ. ಇದರಲ್ಲಿ ನಾಚಿಕೆ ಪಡುವಂಥದ್ದು, ಯಾರನ್ನೂ ದೂರುವಂಥದ್ದು ಏನೂ ಇಲ್ಲ.

ಎರಡೂ ಜೀನ್ ಸಿಕಲ್ ಆಗಿರುವ ಮಕ್ಕಳ ವಿಷಯ ಬೇರೆ, ಅವರಿಗೆ ಚಿಕಿತ್ಸೆ ಬೇಕೇ ಬೇಕು. ಇಲ್ಲಿಯೂ ಜೀನ್ ಓದುವ ವ್ಯವಸ್ಥೆಯೇ ದಾರಿ ತೋರಿಸಿದೆ. ಹೊಟ್ಟೆಯಲ್ಲಿರುವ ಮಗು ಬೀಟಾ ಬದಲು ಗಾಮಾ ಎಂಬ ಬೇರೆ ಜೀನ್ ಓದುತ್ತದೆ. ಹುಟ್ಟಿದ ಮೇಲೆ ನಿಧಾನಕ್ಕೆ ಗಾಮಾ ನಿಂತು ಬೀಟಾ ಶುರುವಾಗುತ್ತದೆ. ಕಾಯಿಲೆಯ ಲಕ್ಷಣಗಳು ಹುಟ್ಟಿದ ಕೂಡಲೇ ಕಾಣದೆ ಆರು ತಿಂಗಳ ಹೊತ್ತಿಗೆ ಕಾಣಿಸುವುದು ಇದಕ್ಕೇ. ಹೈಡ್ರಾಕ್ಸಿಯೂರಿಯಾ ಮಾತ್ರೆ ಗಾಮಾ ಹಿಮೋಗ್ಲೋಬಿನ್ ಅನ್ನು ಸ್ವಲ್ಪ ಹೆಚ್ಚಿಸುತ್ತದೆ, ಅದರಿಂದ ನೋವಿನ ಸರದಿ ಕಡಿಮೆಯಾಗುತ್ತದೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಜೆವಿ ಎಂಬ ಚಿಕಿತ್ಸೆ ಇನ್ನೂ ಮುಂದೆ ಹೋಗಿದೆ. ಅದು ಸಿಕಲ್ ಅಕ್ಷರವನ್ನು ಮುಟ್ಟುವುದೇ ಇಲ್ಲ. ಗಾಮಾ ಜೀನ್ ನಿಲ್ಲಿಸುವ ಬಿಸಿಎಲ್11ಎ ಎಂಬ ಪ್ರೋಟೀನ್‌ನ ಸ್ವಿಚ್ ಅನ್ನು ಮಜ್ಜೆಯ ಕೋಶಗಳಲ್ಲಿ ಕತ್ತರಿಸಿ ಕೆಡಿಸುತ್ತದೆ. ಗಾಮಾ ಮತ್ತೆ ಓದಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಅದಕ್ಕಿಟ್ಟ ಬೆಲೆ 22 ಲಕ್ಷ ಡಾಲರ್. ಹಾಡಿಯ ಮಗುವಿಗೆ ಇದು ಕೈಗೆಟುಕುವ ದಿನ ಬೇಗ ಬರಲಿ ಎಂದು ಮನಸಾರೆ ಬಯಸುತ್ತೇನೆ. ಸದ್ಯಕ್ಕೆ ಮಾತ್ರೆ, ಲಸಿಕೆ, ನಿಯಮಿತ ತಪಾಸಣೆ ಇವೇ ಜೀವ ಉಳಿಸುವುದು. 2023ರ ಜುಲೈನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್‌ನಲ್ಲಿ ಕರ್ನಾಟಕವೂ ಇದೆ.

ಇನ್ನು ಟ್ರೇಟ್ ಇರುವ ಮಕ್ಕಳ ಮನೆಯವರಿಗೆ ನೀವು ಹೇಳಬೇಕಾದದ್ದು. ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಲಿ. ಗಂಡ ಹೆಂಡತಿ ಇಬ್ಬರಲ್ಲೂ ಟ್ರೇಟ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರಲ್ಲಿ ಮಾತ್ರ ಇದ್ದರೆ, ಇನ್ನೊಬ್ಬರ ಹಿಮೋಗ್ಲೋಬಿನ್ ಪೂರ್ತಿ ಸಾಮಾನ್ಯವಾಗಿದ್ದರೆ, ಮಗುವಿಗೆ ಸಿಕಲ್ ಕಾಯಿಲೆ ಬರುವುದಿಲ್ಲ. ಆದರೆ ಶಿಬಿರಗಳಲ್ಲಿ ಮಾಡುವ ದ್ರಾವಣದ ಪರೀಕ್ಷೆ ಸಾಲದು. ಅದು ಟ್ರೇಟ್‌ಗೂ ಕಾಯಿಲೆಗೂ ಒಂದೇ ತರಹ ‘ಪಾಸಿಟಿವ್’ ಎನ್ನುತ್ತದೆ, ಥಲಸೀಮಿಯಾ ಟ್ರೇಟ್ ಅನ್ನು ತೋರಿಸುವುದೇ ಇಲ್ಲ. ಒಬ್ಬರದ್ದು ಸಿಕಲ್ ಟ್ರೇಟ್, ಇನ್ನೊಬ್ಬರದ್ದು ಬೀಟಾ ಥಲಸೀಮಿಯಾ ಟ್ರೇಟ್ ಆಗಿದ್ದರೂ ಮಗುವಿಗೆ ಸಿಕಲ್ ಕಾಯಿಲೆ ಬರಬಹುದು. ಅದಕ್ಕೇ ಮುಂದೆ ಮದುವೆಯ ಮಾತು ಬಂದಾಗ ಇಬ್ಬರೂ ಎಚ್‌ಪಿಎಲ್‌ಸಿ ಎಂಬ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಆ ರಿಪೋರ್ಟ್‌ನ ಒಂದು ಪ್ರತಿಯನ್ನು ಮಕ್ಕಳ ಶಾಲಾ ದಾಖಲೆಯ ಜೊತೆ ಮನೆಯಲ್ಲಿ ಇಟ್ಟುಕೊಳ್ಳಲು ಈಗಲೇ ಹೇಳಿ.